ಸಿಗಡಿಗೆ ಮಸಾಲೆ: ಉಪ್ಪು ಮೊದಲು, ಕಾಚಂಪುಳಿ ಕೊನೆಗೆ

ಕೊಡಗಿನ ಅಡುಗೆಮನೆಗಳಲ್ಲಿ ಮಸಾಲೆ ಹಚ್ಚುವ ಕೈ ಪಳಗಿರುವುದು ಹಂದಿ ಮಾಂಸದ ಮೇಲೆ. ಅರಿಸಿನ, ಉಪ್ಪು, ಖಾರ ಸವರಿ ಬೆಳಿಗ್ಗೆಯೇ ಮುಚ್ಚಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಅದೇ ಕೈ, ಅದೇ ಲೆಕ್ಕ ಸಿಗಡಿಗೆ ಬಂದರೆ ಎಡವಟ್ಟಾಗುತ್ತದೆ. ರಾತ್ರಿಯೇ ಹುಳಿ, ಖಾರ, ಶುಂಠಿ ಎಲ್ಲ ಕಲಸಿಟ್ಟ ಸಿಗಡಿ ಮರುದಿನ ಒಂದೋ ರಬ್ಬರಿನ ಹಾಗೆ ಹಲ್ಲಿಗೆ ಪುಟಿಯುತ್ತದೆ, ಇಲ್ಲವೇ ಹೊರಪದರ ಹಿಟ್ಟುಹಿಟ್ಟಾಗಿ ಮಸಾಲೆಯ ಜೊತೆಗೇ ಬಾಣಲೆಗೆ ಅಂಟಿಕೊಳ್ಳುತ್ತದೆ. ಆಗ ಬೈಸಿಕೊಳ್ಳುವುದು ಮೀನಿನ ಅಂಗಡಿಯವನು. ಹೆಚ್ಚಿನ ಸಲ ತಪ್ಪು ಅವನದಲ್ಲ, ಗಡಿಯಾರದ್ದು.

ಹಂದಿ ಮಾಂಸದಲ್ಲಿ ಕೊಲಾಜನ್ ಎಂಬ ಗಟ್ಟಿ ಅಂಶ ತುಂಬಾ ಇರುತ್ತದೆ. ಅದು ಕರಗಬೇಕಾದರೆ ಹೊತ್ತು ಬೇಕು, ನಿಧಾನದ ಬೆಂಕಿ ಬೇಕು. ಸಿಗಡಿಯ ಮಾಂಸದಲ್ಲಿ ಅದು ತೀರಾ ಕಡಿಮೆ, ನಾರೂ ಸಣ್ಣದು, ಎರಡು ಮೂರು ನಿಮಿಷದಲ್ಲಿ ಬೇಯುತ್ತದೆ. ಅಂದರೆ ಸಿಗಡಿಯನ್ನು ಮೆತ್ತಗೆ ಮಾಡುವ ಕೆಲಸವೇ ನಮಗಿಲ್ಲ, ಅದು ಹುಟ್ಟಾ ಮೆತ್ತಗೆ. ಮಸಾಲೆಯಿಂದ ಬೇಕಾಗಿರುವುದು ರುಚಿ, ಪರಿಮಳ ಮತ್ತು ಮೇಲೊಂದು ಒಳ್ಳೆಯ ಪದರ. ಇಷ್ಟು ಮನಸ್ಸಿನಲ್ಲಿದ್ದರೆ ಉಳಿದ ಲೆಕ್ಕಗಳೆಲ್ಲ ತಾವಾಗಿ ಸರಿಹೋಗುತ್ತವೆ.

ಇಳಿಯುವುದು ಯಾವುದು, ಅಂಟುವುದು ಯಾವುದು

‘ಮಸಾಲೆ ಚೆನ್ನಾಗಿ ಇಳಿಯಲಿ’ ಎನ್ನುತ್ತೇವಲ್ಲ, ನಿಜವಾಗಿ ಮಾಂಸದ ಒಳಗೆ ಇಳಿಯುವುದು ಮುಖ್ಯವಾಗಿ ಉಪ್ಪು. ಅದು ನೀರಿನಲ್ಲಿ ಕರಗಿ ನಿಧಾನಕ್ಕೆ ಒಳಗೆ ಸೇರುತ್ತದೆ. ಜೊತೆಗೆ, ಬೇಯುವಾಗ ಮಾಂಸ ತನ್ನ ನೀರನ್ನು ಹಿಡಿದಿಟ್ಟುಕೊಳ್ಳುವಂತೆಯೂ ಮಾಡುತ್ತದೆ. ಸಿಗಡಿ ಸಣ್ಣದಾದ್ದರಿಂದ ಇದಕ್ಕೆ 15ರಿಂದ 20 ನಿಮಿಷ ಸಾಕು.

ಮೆಣಸಿನಕಾಯಿಯ ಖಾರ, ಕರಿಮೆಣಸಿನ ಘಾಟು, ಅರಿಸಿನದ ಬಣ್ಣ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಇವನ್ನು ಎಷ್ಟು ಗಂಟೆ ಹಚ್ಚಿಟ್ಟರೂ ಬಹುಪಾಲು ಮೇಲ್ಮೈಯಲ್ಲೇ ಉಳಿಯುತ್ತವೆ. ಹಾಗಾಗಿ ಸಿಗಡಿಯ ಮಸಾಲೆಗೆ ಎಣ್ಣೆ ಬೇಕೇ ಬೇಕು, ಮೇಲ್ಮೈ ಒಣಗಿರಲೂಬೇಕು. ಬೆನ್ನು ಸೀಳಿ ಕಪ್ಪು ದಾರ ತೆಗೆಯುವಾಗ (ಅದು ನರವಲ್ಲ, ಸಿಗಡಿಯ ಕರುಳು) ಸೀಳನ್ನು ಸ್ವಲ್ಪ ಆಳಕ್ಕೆ, ಮೂರು ನಾಲ್ಕು ಮಿಲಿಮೀಟರ್ ಒಯ್ದರೆ ಮಸಾಲೆ ಕೂರಲು ಜಾಗ ಸಿಗುತ್ತದೆ. ರಾತ್ರಿಯಿಡೀ ನೆನೆಸುವುದಕ್ಕಿಂತ ಈ ಒಂದು ಸೀಳು ಹೆಚ್ಚು ಕೆಲಸ ಮಾಡುತ್ತದೆ.

ಹುಳಿಯ ದಾರಿಯೇ ಬೇರೆ. ಅದು ಮಾಂಸದ ಪ್ರೋಟೀನಿನ ರೂಪವನ್ನೇ ಬದಲಿಸುತ್ತದೆ, ಬೆಂಕಿ ಮಾಡುವ ಕೆಲಸವನ್ನು ತಣ್ಣಗೆ ಮಾಡುತ್ತದೆ. ನಿಂಬೆರಸದಲ್ಲಿ ಸಿಗಡಿ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ: ಗಾಜಿನಂತೆ ಇದ್ದದ್ದು ಬೆಳ್ಳಗಾಗಿ, ಬೆಂದಂತೆ ಕಾಣುತ್ತದೆ. ಕಾಣುವುದಷ್ಟೇ, ರೋಗಾಣುಗಳು ಸತ್ತಿರುವುದಿಲ್ಲ. ಹೀಗೆ ಹುಳಿಯಲ್ಲಿ ಒಮ್ಮೆ ‘ಬೆಂದ’ ಸಿಗಡಿಯನ್ನು ಮತ್ತೆ ಬೆಂಕಿಗೆ ಹಾಕಿದರೆ ಉಳಿದ ನೀರೂ ಹಿಂಡಿಹೋಗುತ್ತದೆ. ರಬ್ಬರ್ ಆಗುವುದು ಹೀಗೆ.

ಹಿಟ್ಟಾಗುವುದಕ್ಕೆ ಕಾರಣ ಬೇರೆ. ಹಸಿ ಶುಂಠಿಯಲ್ಲಿ ಮಾಂಸವನ್ನು ಕರಗಿಸುವ ಕಿಣ್ವವೊಂದಿದೆ. ಪಪ್ಪಾಯಿಕಾಯಿ, ಅನಾನಸಿನಲ್ಲಿಯೂ ಅಂಥವು ಇವೆ. ಹಂದಿಗೂ ಕುರಿಗೂ ಅದು ಉಪಕಾರ, ಸಿಗಡಿಗೆ ಉಪದ್ರ. ಸಮಸಮ ಅರೆದ ಶುಂಠಿ ಬೆಳ್ಳುಳ್ಳಿಯನ್ನು ಎರಡು ದೊಡ್ಡ ಚಮಚ ಹಾಕಿ ಗಂಟೆಗಟ್ಟಲೆ ಬಿಟ್ಟರೆ ಮೇಲ್ಪದರ ಕರಗಲು ಶುರುವಾಗುತ್ತದೆ. ಸಿಗಡಿಗೆ ಬೆಳ್ಳುಳ್ಳಿ ಧಾರಾಳವಾಗಿರಲಿ, ಶುಂಠಿ ಹೆಸರಿಗೆ ಮಾತ್ರ ಇರಲಿ. ಪಪ್ಪಾಯಿಕಾಯಿಯ ಹೆಸರೇ ಬೇಡ.

ಘಟ್ಟ ಹತ್ತಿ ಬಂದ ಸಿಗಡಿ

ಕೊಡಗಿಗೆ ಸಮುದ್ರವಿಲ್ಲ. ಮಡಿಕೇರಿಗೆ ಮಂಗಳೂರು ಕಡೆಯಿಂದ ಸುಳ್ಯ, ಸಂಪಾಜೆ ಹಾದು, ವಿರಾಜಪೇಟೆಗೆ ಕಣ್ಣೂರು, ತಲಶ್ಶೇರಿ ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ಮೀನು ಬರುತ್ತದೆ. ದೋಣಿಯಿಂದ ಇಳಿದು ಹರಾಜಾಗಿ, ಲಾರಿ ಹತ್ತಿ, ನಮ್ಮ ಚೀಲ ಸೇರುವಾಗ ಸಿಗಡಿ ಹಲವು ಗಂಟೆ ಮಂಜುಗಡ್ಡೆಯಲ್ಲಿ ಕಳೆದಿರುತ್ತದೆ. ಅದರಲ್ಲಿ ತಪ್ಪೇನಿಲ್ಲ. ನೋಡಬೇಕಾದದ್ದು ಮಂಜುಗಡ್ಡೆ ನಡುವೆ ತಪ್ಪಿತ್ತೇ ಎಂಬುದನ್ನು.

ತಲೆ ಮುಂಡಕ್ಕೆ ಬಿಗಿಯಾಗಿ ಕೂತಿರಬೇಕು. ಸಿಗಡಿಯ ತಲೆಯಲ್ಲಿಯೇ ಅದರ ಜೀರ್ಣಾಂಗ ಇರುವುದು. ಮಂಜುಗಡ್ಡೆ ಕರಗಿದರೆ ಅಲ್ಲಿನ ಕಿಣ್ವಗಳು ಮೊದಲು ಕುತ್ತಿಗೆಯ ಮಾಂಸವನ್ನು ತಿನ್ನುತ್ತವೆ, ತಲೆ ಜೋತುಬೀಳುತ್ತದೆ. ಆ ಸಿಗಡಿಗೆ ನೀವು ಮನೆಯಲ್ಲಿ ಏನು ಮಾಡಿದರೂ ಗಟ್ಟಿತನ ಮರಳಿ ಬರದು. ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆಯಿದ್ದರೆ ಅಷ್ಟಕ್ಕೇ ಹೆದರಬೇಕಿಲ್ಲ. ಕತ್ತರಿಸಿದ ಸೇಬು ಕಂದಾಗುವ ಬಗೆಯದೇ ಬದಲಾವಣೆ ಅದು. ಅಮೋನಿಯದಂಥ ಮೂಗಿಗೆ ಹೊಡೆಯುವ ವಾಸನೆ ಬಂದರೆ ಮಾತ್ರ ಅಲ್ಲೇ ಬಿಟ್ಟುಬನ್ನಿ. ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿಯಾಗಲಿ ಕರಿಮೆಣಸಾಗಲಿ ಅದನ್ನು ಮುಚ್ಚಲಾರದು, ಮುಚ್ಚಲೂ ಬಾರದು.

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಮಳೆ ಹಿಡಿದು, ಖಾರದ ಬಯಕೆ ಹೆಚ್ಚುವ ಕಾಲವೇ ಅದು! ಆಗ ಸಿಗುವುದು ಹೆಚ್ಚಾಗಿ ಕೆರೆಯಲ್ಲಿ ಸಾಕಿದ ವನ್ನಾಮೈ ಸಿಗಡಿ ಅಥವಾ ಫ್ರೋಜನ್ ಪ್ಯಾಕೆಟ್. ಎರಡನ್ನೂ ಕೀಳಾಗಿ ನೋಡಬೇಕಿಲ್ಲ, ಪ್ಯಾಕೆಟ್ಟನ್ನು ಓದಿಕೊಂಡರಾಯಿತು. ಅದರಲ್ಲಿ ಸೋಡಿಯಂ ಟ್ರೈಪಾಲಿಫಾಸ್ಫೇಟ್ ಅಥವಾ ಐಎನ್‌ಎಸ್ 451 ಎಂದಿದ್ದರೆ, ನೀರು ಹಿಡಿದಿಡಲು ಅದನ್ನು ಸೇರಿಸಿದ್ದಾರೆ ಎಂದರ್ಥ. ಅಂಥ ಸಿಗಡಿ ಬಾಣಲೆಯಲ್ಲಿ ಹೆಚ್ಚು ನೀರು ಬಿಡುತ್ತದೆ, ಕೆಲವಕ್ಕೆ ಉಪ್ಪೂ ಮೊದಲೇ ಸೇರಿರುತ್ತದೆ. ಕೆಳಗೆ ಹೇಳುವ ಉಪ್ಪನ್ನು ಅರ್ಧಕ್ಕೆ ಇಳಿಸಿ. ಕರಗಿಸುವುದು ಫ್ರಿಜ್ಜಿನಲ್ಲಿ, ರಾತ್ರಿಯಿಡೀ. ಅವಸರವಿದ್ದರೆ ಚೀಲದ ಬಾಯಿ ಬಿಗಿದು ತಣ್ಣೀರಿನಲ್ಲಿ ಮುಕ್ಕಾಲು ಗಂಟೆ. ಬಿಸಿನೀರು ಬೇಡ: ಹೊರಗೆ ಬೇಯುತ್ತದೆ, ಒಳಗೆ ಮಂಜು ಉಳಿಯುತ್ತದೆ.

ಇಡೀ ಸಿಗಡಿ 1 ಕೆ.ಜಿ. ತಂದರೆ ತಲೆ, ಸಿಪ್ಪೆ ತೆಗೆದ ಮೇಲೆ ಸುಮಾರು ಅರ್ಧ ಕೆ.ಜಿ. ಉಳಿಯುತ್ತದೆ. ಮುಂದಿನ ಅಳತೆಗಳೆಲ್ಲ ಆ ಅರ್ಧ ಕೆ.ಜಿ.ಗೆ.

ಸಿಪ್ಪೆಯಲ್ಲಿದೆ ಅರ್ಧ ರುಚಿ

ಬಿಡಿಸಿದ ಸಿಪ್ಪೆಯನ್ನು ಕಾಫಿ ಗಿಡದ ಬುಡಕ್ಕೆ ಹಾಕುವ ಮುಂಚೆ ಒಂದು ಕೆಲಸವಿದೆ. ಸಿಪ್ಪೆ ಮತ್ತು ತಲೆಗಳನ್ನು ತೊಳೆದು, ನೀರು ಬಸಿದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಬಾಣಲೆಯಲ್ಲಿ 4 ದೊಡ್ಡ ಚಮಚ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿಯಿರಿ, ತಲೆಗಳನ್ನು ಸೌಟಿನ ಹಿಂಬದಿಯಿಂದ ಒತ್ತುತ್ತಿರಿ. ಸಿಪ್ಪೆ ಕೆಂಪಾಗುತ್ತದೆ, ಎಣ್ಣೆ ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ಸಿಗಡಿಯ ಕೆಂಪಿಗೆ ಕಾರಣವಾದ ಅಸ್ಟಾಕ್ಸಾಂಥಿನ್ ಎಂಬ ಬಣ್ಣ ಹಸಿಯಾಗಿರುವಾಗ ಪ್ರೋಟೀನಿಗೆ ಕಟ್ಟಿಕೊಂಡು ಬೂದುಬೂದಾಗಿ ಕಾಣುತ್ತದೆ. ಬಿಸಿ ತಾಗಿದಾಗ ಬಿಡಿಸಿಕೊಂಡು ಎಣ್ಣೆಗೆ ಇಳಿಯುತ್ತದೆ, ಸಿಪ್ಪೆಯ ಪರಿಮಳವೂ ಅದರ ಹಿಂದೆಯೇ. ಉರಿ ಆರಿಸಿ, ಎಣ್ಣೆ ಇನ್ನೂ ಬಿಸಿಯಿರುವಾಗಲೇ ಒಂದು ಎಸಳು ಕರಿಬೇವು ಹಾಕಿ, ಐದು ನಿಮಿಷ ಬಿಟ್ಟು ಸೋಸಿಕೊಳ್ಳಿ. ಎರಡು ದೊಡ್ಡ ಚಮಚಕ್ಕೆ ಮೋಸವಿಲ್ಲ, ಇದೇ ಮಸಾಲೆಯ ಎಣ್ಣೆ. ಪೂರ್ತಿ ತಣ್ಣಗಾದ ಮೇಲೆಯೇ ಬಳಸಬೇಕು, ಬೆಚ್ಚಗಿನ ಎಣ್ಣೆ ಹಸಿ ಸಿಗಡಿಯ ಅಂಚನ್ನು ಬೇಯಿಸಿಬಿಡುತ್ತದೆ. ಉಳಿದ ಸಿಪ್ಪೆಗೆ ಎರಡು ಲೋಟ ನೀರು ಹಾಕಿ ಕುದಿಸಿದರೆ ಮರುದಿನದ ಸಾರಿಗೆ ಆಯಿತು.

ಕಾಚಂಪುಳಿ ಎಂಬ ಚೂಪು ಹುಳಿ

ನಿಂಬೆ, ಹುಣಸೆ, ವಿನಿಗರ್ ಯಾವುದಾದರೂ ನಡೆಯುತ್ತದೆ. ಆದರೆ ಮನೆಯಲ್ಲಿ ಕಾಚಂಪುಳಿಯ ಬಾಟಲಿ ಇದ್ದವರು ಅಂಗಡಿಯ ವಿನಿಗರ್ ಹುಡುಕುವುದು ಯಾಕೆ? ಉಪ್ಪಾಗೆಯ ಹಣ್ಣುಗಳನ್ನು ಮಳೆಗಾಲದಲ್ಲಿ ಒಟ್ಟುಮಾಡಿ, ರಾಶಿ ಹಾಕಿ, ಕೊಳೆತು ಸೋರುವ ರಸವನ್ನು ಹಿಡಿದು, ಕಪ್ಪಗೆ ಮಂದವಾಗುವವರೆಗೆ ಕುದಿಸಿ ಇಳಿಸಿದ್ದು ಅದು. ಕರಾವಳಿಯ ಪುನರ್ಪುಳಿ ಇದೇ ಕುಲದ ಇನ್ನೊಂದು ಮರ, ಎರಡೂ ಒಂದಲ್ಲ.

ಕುದಿಸಿ ಮಂದ ಮಾಡಿರುವುದರಿಂದ ಕಾಚಂಪುಳಿಯ ಹುಳಿ ನಿಂಬೆಯದಕ್ಕಿಂತ ಬಹಳ ಚೂಪು. ನಿಂಬೆರಸ 1 ದೊಡ್ಡ ಚಮಚ ಹಾಕುವಲ್ಲಿ ಮಂದ ಕಾಚಂಪುಳಿ ಅರ್ಧ ಚಿಕ್ಕ ಚಮಚ ಸಾಕು. ಮನೆಯಿಂದ ಮನೆಗೆ, ಬಾಟಲಿಯಿಂದ ಬಾಟಲಿಗೆ ತೀಕ್ಷ್ಣತೆ ಬದಲಾಗುತ್ತದೆ. ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಓರೆ ಮಾಡಿ ನೋಡಿ. ಜೋನಿಬೆಲ್ಲದ ಹಾಗೆ ನಿಧಾನಕ್ಕೆ ಇಳಿದರೆ ಈ ಅಳತೆ ಸರಿ, ನೀರಿನಂತೆ ಓಡಿದರೆ ಮುಕ್ಕಾಲು ಚಮಚಕ್ಕೆ ಏರಿಸಬಹುದು.

ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಅಡುಗೆ) ಮಾಡುವವರು ಕಾಚಂಪುಳಿಯನ್ನು ಯಾವಾಗ ಹಾಕುತ್ತಾರೆ? ಮಾಂಸ ಬೆಂದು, ಇಳಿಸುವುದಕ್ಕೆ ಸ್ವಲ್ಪ ಮುಂಚೆ. ಸಿಗಡಿಗೂ ಅದೇ ಪಾಠ. ಬೇರೆಲ್ಲ ವಿಷಯದಲ್ಲಿ ಹಂದಿಯ ಲೆಕ್ಕ ಮರೆತರೂ ಇದೊಂದನ್ನು ಉಳಿಸಿಕೊಳ್ಳಿ: ಬಾಣಲೆಗೆ ಹಾಕುವ ಐದು, ಹೆಚ್ಚೆಂದರೆ ಹತ್ತು ನಿಮಿಷ ಮುಂಚೆ ಹುಳಿ. ಕಲಸುವ ಪಾತ್ರೆ ಸ್ಟೀಲ್, ಗಾಜು ಅಥವಾ ಪಿಂಗಾಣಿಯದಾಗಿರಲಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ನಿಂತರೆ ಲೋಹದ ಒಗರು ಬರುತ್ತದೆ.

ಅಳತೆ

ಸಿಗಡಿ, ಬಿಡಿಸಿ ಬೆನ್ನು ಸೀಳಿದ್ದು: 500 ಗ್ರಾಂ
ಪುಡಿ ಉಪ್ಪು: 1 ಚಿಕ್ಕ ಚಮಚ, ತಲೆ ಸವರಿದ್ದು (5ರಿಂದ 6 ಗ್ರಾಂ)
ಅರಿಸಿನ: ಕಾಲು ಚಿಕ್ಕ ಚಮಚ
ಕರಿಮೆಣಸು: 2 ಚಿಕ್ಕ ಚಮಚ
ಕೊತ್ತಂಬರಿ ಬೀಜ: 2 ಚಿಕ್ಕ ಚಮಚ
ಜೀರಿಗೆ: ಅರ್ಧ ಚಿಕ್ಕ ಚಮಚ
ಸಾಸಿವೆ: ಕಾಲು ಚಿಕ್ಕ ಚಮಚ
ಮೆಂತ್ಯ: 6ರಿಂದ 8 ಕಾಳು, ಎಣಿಸಿಯೇ
ಬ್ಯಾಡಗಿ ಮೆಣಸಿನ ಪುಡಿ: 1½ ಚಿಕ್ಕ ಚಮಚ
ಬೆಳ್ಳುಳ್ಳಿ: 8 ಎಸಳು
ಶುಂಠಿ: ಅರ್ಧ ಅಂಗುಲದ ತುಂಡು
ಗಾಂಧಾರಿ ಮೆಣಸು: 3 ಅಥವಾ 4, ಖಾರ ತಡೆಯುವವರಿಗೆ
ಸಿಪ್ಪೆಯ ಎಣ್ಣೆ: 2 ದೊಡ್ಡ ಚಮಚ
ಅಕ್ಕಿಹಿಟ್ಟು: 2 ಚಿಕ್ಕ ಚಮಚ
ಕಾಚಂಪುಳಿ: ಅರ್ಧ ಚಿಕ್ಕ ಚಮಚ

ಪಂದಿ ಕರಿಯ ಮಸಾಲೆಯನ್ನು ಕಪ್ಪಗೆ ಹುರಿಯುತ್ತಾರೆ. ಸಿಗಡಿಗೆ ಅಷ್ಟು ಹುರಿದರೆ ಅದರ ಸಿಹಿ ಸತ್ತೇಹೋಗುತ್ತದೆ. ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯವನ್ನು ಎಣ್ಣೆಯಿಲ್ಲದೆ, ಕೊತ್ತಂಬರಿ ಕಂದುಬಣ್ಣಕ್ಕೆ ತಿರುಗಿ ಪರಿಮಳ ಬರುವವರೆಗೆ ಹುರಿದು ಇಳಿಸಿ. ಮೆಂತ್ಯ ಕೆಂಪಾಗಿ ಕಪ್ಪಾದರೆ ಕಹಿ, ಎಂಟೇ ಕಾಳಾದರೂ ಇಡೀ ಮಸಾಲೆಗೆ ಹತ್ತುತ್ತದೆ. ಆರಿದ ಮೇಲೆ ನುಣ್ಣಗೆ ಪುಡಿಮಾಡಿ. ಕರಿಮೆಣಸನ್ನು ಹುರಿಯಬೇಡಿ. ತೋಟದ ಹೊಸ ಮೆಣಸಿನ ಪರಿಮಳ ಬೇಗ ಹಾರುವಂಥದು. ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ ಎರಡು ಪಾಲು ಮಾಡಿ: ಮುಕ್ಕಾಲು ಪಾಲು ಮಸಾಲೆಗೆ, ಕಾಲು ಪಾಲು ಬೆಂದ ಮೇಲೆ ಉದುರಿಸಲು.

ಬೆಳ್ಳುಳ್ಳಿ, ಶುಂಠಿ, ಗಾಂಧಾರಿ ಮೆಣಸನ್ನೂ ಕುಟ್ಟಾಣಿಯಲ್ಲೇ ಜಜ್ಜಿಕೊಳ್ಳಿ. ಮಿಕ್ಸಿಗೆ ಹಾಕಿದರೆ ನೀರು ಬೇಡುತ್ತದೆ. ಆ ನೀರು ಮಸಾಲೆಯನ್ನು ಸಡಿಲ ಮಾಡುತ್ತದೆ.

ಯಾವುದರ ಹಿಂದೆ ಯಾವುದು

ಮೊದಲು ಸಿಗಡಿಗೆ ಉಪ್ಪು ಮತ್ತು ಅರಿಸಿನ ಮಾತ್ರ. ಕೈಯಿಂದ ಕಲಸಿ, ಮುಚ್ಚಿ, ಫ್ರಿಜ್ಜಿನಲ್ಲಿ 15ರಿಂದ 20 ನಿಮಿಷ ಇಡಿ. ಎಣ್ಣೆಯನ್ನು ಮೊದಲೇ ಸುರಿದರೆ ಉಪ್ಪು ಅದರಲ್ಲಿ ಕರಗದೆ ಹರಳಾಗಿಯೇ ಉಳಿಯುತ್ತದೆ, ಒಂದು ಸಿಗಡಿ ಉಪ್ಪು, ಇನ್ನೊಂದು ಸಪ್ಪೆ. ಕಲ್ಲುಪ್ಪಿದ್ದರೆ ಪುಡಿಮಾಡಿ, ಚಮಚದಲ್ಲಲ್ಲ, ತೂಕದಲ್ಲಿ ಅಳೆಯಿರಿ.

ಹೊರತೆಗೆದಾಗ ತಳದಲ್ಲಿ ನೀರು ನಿಂತಿರುತ್ತದೆ. ಅದನ್ನು ಚೆಲ್ಲಿ. ಹತ್ತಿಬಟ್ಟೆಯ ಮೇಲೆ ಸಿಗಡಿ ಹರಡಿ, ಮೇಲಿಂದ ಇನ್ನೊಂದು ಬಟ್ಟೆಯಲ್ಲಿ ಒತ್ತಿ ಒಣಗಿಸಿ. ತೊಳೆಯಬೇಡಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದೇ, ‘ಮಸಾಲೆ ಎಲ್ಲಾ ಬಾಣಲೆಗೇ ಹೋಯ್ತು’ ಎಂಬ ದೂರಿನ ಮೂಲವೂ ಇದೇ. ಒದ್ದೆ ಮೈಗೆ ಎಣ್ಣೆ ಮಸಾಲೆ ಹಿಡಿಯುವುದಿಲ್ಲ. ಮಳೆಗಾಲದಲ್ಲಂತೂ ಮನೆಯೊಳಗಿನ ಗಾಳಿಯೇ ಒದ್ದೆ, ಎರಡು ಸಲ ಒತ್ತಿದರೂ ಹೆಚ್ಚಲ್ಲ.

ಬೇರೆ ಪಾತ್ರೆಯಲ್ಲಿ ತಣ್ಣಗಾದ ಸಿಪ್ಪೆಯ ಎಣ್ಣೆಗೆ ಮೆಣಸಿನ ಪುಡಿ, ಹುರಿದ ಮಸಾಲೆ ಪುಡಿ, ಮುಕ್ಕಾಲು ಪಾಲು ಕರಿಮೆಣಸು, ಜಜ್ಜಿದ ಬೆಳ್ಳುಳ್ಳಿ ಶುಂಠಿ ಸೇರಿಸಿ ಹತ್ತು ನಿಮಿಷ ಬಿಡಿ. ಪುಡಿಗಳು ಎಣ್ಣೆ ಕುಡಿದು ಉಬ್ಬುತ್ತವೆ. ಹದ ಮಂದ ಚಟ್ನಿಯಂತಿರಬೇಕು, ಹರಿಯಬಾರದು. ಇದನ್ನು ಸಿಗಡಿಗೆ ಹಚ್ಚಿ, ಸೀಳಿನೊಳಗೂ ತುಂಬಿ, ಮತ್ತೆ ಫ್ರಿಜ್ಜಿನಲ್ಲಿ 20ರಿಂದ 30 ನಿಮಿಷ. ಅಕ್ಕಿಹಿಟ್ಟು, ಕಾಚಂಪುಳಿ ಕೊನೆಗೆ, ಬಾಣಲೆ ಒಲೆಗೆ ಏರಿಸುವಾಗ.

ಮಡಿಕೇರಿಯ ಚಳಿಯಲ್ಲಿ ಫ್ರಿಜ್ ಯಾಕೆ ಎಂದು ಕೇಳುವವರಿದ್ದಾರೆ. ಮೈಗೆ ಚಳಿಯಾದ ಮಾತ್ರಕ್ಕೆ ಸಿಗಡಿಗೆ ಚಳಿಯಾಗುವುದಿಲ್ಲ. ಹೊರಗೆ 18 ಡಿಗ್ರಿ ಇದ್ದರೂ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಬೇಕಾದದ್ದು 5 ಡಿಗ್ರಿಗಿಂತ ಕಡಿಮೆ. ಕರೆಂಟ್ ಹೋಗಿದ್ದರೆ ಅಗಲ ಪಾತ್ರೆಯಲ್ಲಿ ಮಂಜುಗಡ್ಡೆ ಹರಡಿ ಅದರ ಮೇಲೆ ಬಟ್ಟಲು ಇಡಿ. ಮಂಜುಗಡ್ಡೆಯೂ ಇಲ್ಲದಿದ್ದರೆ ಎರಡನೆಯ ಕಾಯುವಿಕೆಯನ್ನು ಬಿಟ್ಟು ನೇರ ಬಾಣಲೆಗೆ ಹಾಕಿ. ಉಪ್ಪು ಸೇರಿದ್ದಾಗಿದೆ, ಉಳಿದದ್ದು ಹೇಗಿದ್ದರೂ ಮೇಲೆಯೇ ಇರುವಂಥದ್ದು.

ಅಡುಗೆ ಸೋಡಾದ ಬಗ್ಗೆ ಒಂದು ಮಾತು. ಅರ್ಧ ಕೆ.ಜಿ.ಗೆ ಕಾಲು ಚಿಕ್ಕ ಚಮಚ ಸೋಡಾವನ್ನು ಉಪ್ಪಿನ ಜೊತೆ ಹಾಕಿದರೆ ಸಿಗಡಿ ಬೆಂದಾಗ ಕಚ್ಚಿದರೆ ಕಟಕ್ಕೆನ್ನುವ ಹದ ಬರುತ್ತದೆ. ಚೀನೀ ಹೋಟೆಲುಗಳ ಸಿಗಡಿಯ ಗುಟ್ಟು ಅದು. ಬೆಳ್ಳುಳ್ಳಿ ಕರಿಮೆಣಸಿನ ಒಣ ಹುರಿತಕ್ಕೆ ಚೆನ್ನ. ಆದರೆ ಸೋಡಾ ಮತ್ತು ಕಾಚಂಪುಳಿ ಒಂದೇ ಬಟ್ಟಲಿಗೆ ಬಂದರೆ ನೊರೆ ಬಂದು ಒಂದನ್ನೊಂದು ಕೊಲ್ಲುತ್ತವೆ, ಹುಳಿಯೂ ಇಲ್ಲ, ಕಟಕೂ ಇಲ್ಲ. ಎರಡರಲ್ಲಿ ಒಂದನ್ನು ಆರಿಸಿ. ನಮ್ಮ ಮತ ಕಾಚಂಪುಳಿಗೆ.

ಬಾಣಲೆಯಲ್ಲಿ

ದಪ್ಪ ತಳದ ಬಾಣಲೆ ಅಥವಾ ದೋಸೆ ಕಾವಲಿ ಚೆನ್ನಾಗಿ ಕಾಯಲಿ. ಅರ್ಧ ಕೆ.ಜಿ.ಯನ್ನು ಮೂರು ಸಲ ಮಾಡಿ ಬೇಯಿಸಿ. ಒಂದೇ ಸಲ ಸುರಿದರೆ ಬಾಣಲೆ ತಣ್ಣಗಾಗಿ, ಸಿಗಡಿ ನೀರು ಬಿಟ್ಟು ಅದರಲ್ಲೇ ಕುದಿಯುತ್ತದೆ, ಹುರಿಯುವುದಿಲ್ಲ. ಒಂದು ದೊಡ್ಡ ಚಮಚ ಎಣ್ಣೆ, ಮಧ್ಯಮಕ್ಕಿಂತ ಸ್ವಲ್ಪ ಹೆಚ್ಚಿನ ಉರಿ, ಸಿಗಡಿಗಳ ನಡುವೆ ಬೆರಳಗಲ ಜಾಗ. ಮಧ್ಯಮ ಗಾತ್ರದ್ದಕ್ಕೆ ಒಂದು ಬದಿ ಒಂದೂವರೆ ನಿಮಿಷ, ಮಗುಚಿ ಒಂದು ನಿಮಿಷ. ಮೊದಲ ಒಂದು ನಿಮಿಷ ಸೌಟು ಮುಟ್ಟಿಸಬೇಡಿ, ಪದರ ಗಟ್ಟಿಯಾಗುವುದು ಆಗಲೇ. ಉರಿ ತೀರಾ ಜೋರಾದರೆ ಮೆಣಸಿನ ಪುಡಿಯೂ ಬೆಳ್ಳುಳ್ಳಿಯೂ ಸಿಗಡಿ ಬೇಯುವ ಮೊದಲೇ ಸೀದು ಕಹಿಯಾಗುತ್ತವೆ.

ಸಿಗಡಿ ಅರ್ಧಚಂದ್ರದಂತೆ ಬಾಗಿ, ಸೀಳಿನ ಆಳದಲ್ಲೂ ಬೆಳ್ಳಗಾಗಿದ್ದರೆ ತೆಗೆಯಿರಿ. ತಲೆಬಾಲ ಕೂಡಿ ಉಂಗುರದಂತೆ ಸುತ್ತಿಕೊಂಡರೆ ಹೊತ್ತು ಮೀರಿತು. ಥರ್ಮಾಮೀಟರ್ ಇದ್ದವರಿಗೆ ಒಳಗಿನ ಬಿಸಿ 63 ಡಿಗ್ರಿ. ತಟ್ಟೆಗೆ ತೆಗೆದ ಕೂಡಲೇ ಉಳಿಸಿಟ್ಟ ಕರಿಮೆಣಸು ಉದುರಿಸಿ. ಹುಳಿ ಸಾಲದೆನಿಸಿದರೆ ಎರಡು ಹನಿ ಕಾಚಂಪುಳಿಯನ್ನು ಒಂದು ಚಮಚ ನೀರಲ್ಲಿ ಕದಡಿ ಬಿಸಿ ಬಾಣಲೆಗೆ ಹಾಕಿ, ಅಡಿ ಹಿಡಿದ ಮಸಾಲೆಯನ್ನು ಕೆರೆದು ಮೇಲೆ ಸುರಿಯಿರಿ. ಕೊಡಗಿನ ಜೇನು ಸೇರಿಸುವ ಆಸೆಯಿದ್ದರೆ ಅದಕ್ಕೂ ಇದೇ ಹೊತ್ತು. ಮಸಾಲೆಯಲ್ಲಿ ಮೊದಲೇ ಹಾಕಿದ ಜೇನು ಸೀದುಹೋಗುತ್ತದೆ.

ಕೆಟ್ಟಾಗ ಎಲ್ಲಿ ನೋಡಬೇಕು

ನಿಂಬೆ ಹಾಕಿದ ಮಸಾಲೆಯಲ್ಲಿ ಬೆಳ್ಳುಳ್ಳಿ ಹಸಿರು ಅಥವಾ ನೀಲಿ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಹುಳಿ ತಾಗಿದ ಬೆಳ್ಳುಳ್ಳಿ ಒಮ್ಮೊಮ್ಮೆ ಹಾಗಾಗುತ್ತದೆ, ತಿನ್ನಬಹುದು. ಕಾಚಂಪುಳಿಯಲ್ಲಿ ಎಲ್ಲವೂ ಕಪ್ಪಾದ್ದರಿಂದ ಇದು ಕಣ್ಣಿಗೇ ಬೀಳುವುದಿಲ್ಲ. ಮೊಸರಿನ ಮಸಾಲೆ ಮಾಡುವವರು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು 3 ದೊಡ್ಡ ಚಮಚ ಹಾಕಲಿ. ಅದರ ಹುಳಿ ಮೆದು, ಮುಕ್ಕಾಲು ಗಂಟೆಯವರೆಗೆ ತಡೆಯುತ್ತದೆ.

ಮಸಾಲೆ ಚೆನ್ನಾಗಿದ್ದೂ ಒಳಗೆ ಸಪ್ಪೆಯೆನಿಸಿದರೆ ಉಪ್ಪಿನ 15 ನಿಮಿಷ ತಪ್ಪಿದೆ. ಮೇಲೆ ಖಾರ ಕಡಿಮೆಯೆನಿಸಿದರೆ ಎಣ್ಣೆ ಸಾಲದು ಅಥವಾ ಸಿಗಡಿ ಒದ್ದೆಯಿತ್ತು, ಮೆಣಸು ಹೆಚ್ಚಿಸಿ ಪ್ರಯೋಜನವಿಲ್ಲ. ಹಿಟ್ಟಾದರೆ ಶುಂಠಿಯ ಅಳತೆ ನೋಡಿ, ಅದು ಸರಿಯಿದ್ದರೆ ಸಿಗಡಿಯೇ ಹಳತು. ಹಸಿ ಸಿಗಡಿಯಲ್ಲಿದ್ದ ಮಸಾಲೆ ತಳದಲ್ಲಿ ಉಳಿದರೆ ಚೆಲ್ಲುವುದು ನಷ್ಟವೆನಿಸಬಹುದು. ಬಾಣಲೆಯಲ್ಲಿ ಚೆನ್ನಾಗಿ ಹುರಿದು ಬಳಸಿ, ಹಾಗೆಯೇ ಚಟ್ನಿಯಂತೆ ನಂಚಿಕೊಳ್ಳಬೇಡಿ. ಸಿಗಡಿಯ ಅಲರ್ಜಿ ಇರುವವರಿಗೆ ಸಿಪ್ಪೆಯ ಎಣ್ಣೆಯೂ ವರ್ಜ್ಯ, ಅಲರ್ಜಿ ತರುವ ಪ್ರೋಟೀನು ಬಿಸಿಗೆ ಜಗ್ಗುವುದಿಲ್ಲ.

ನೆಂಟರು ಬರುವ ಮುನ್ನಾದಿನವೇ ತಯಾರಿ ಮಾಡಬೇಕೆಂದರೆ ಎಣ್ಣೆ ಮಸಾಲೆಯನ್ನು ಬೇರೆ ಡಬ್ಬಿಯಲ್ಲಿ, ಬಿಡಿಸಿ ಒಣಗಿಸಿದ ಸಿಗಡಿಯನ್ನು ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಫ್ರೀಜರಿಗೆ ಹಾಕುವುದಾದರೆ ಉಪ್ಪು, ಎಣ್ಣೆ, ಪುಡಿ ಮಸಾಲೆ ಹಚ್ಚಿ ಚಪ್ಪಟೆ ಚೀಲದಲ್ಲಿ ತಿಂಗಳೊಪ್ಪತ್ತು ಇಡಬಹುದು, ಶುಂಠಿ ಮತ್ತು ಕಾಚಂಪುಳಿ ಇಲ್ಲದೆ. ಅವೆರಡು ಸೇರುವುದು ಸಿಗಡಿ ಕರಗಿ, ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ) ಕಾವಲಿಯಿಂದ ಇಳಿಯುವ ಹೊತ್ತಿಗೆ.